ಶಿಲುಬೆಯ ಎಂಜಲು

ಕ್ಲ್ಯಾಜ್ಮಾ ನದಿ ದಂಡೆಯ ಸ್ತಾರೊದುಬ್ ಊರಿನ ನೆಝ್ದಾನನ ಬದುಕೆಲ್ಲ ಎಂಜಲು ಒರೆಸುವುದರಲ್ಲೇ ಕಳೆಯಿತು. ಊರ ಇಗರ್ಜಿಯ ಶಿಲುಬೆ ಹಿಡಿಯುವ ಕೆಲಸ ಅವನದು. ಹೊಸ ಅರಸು ಬಂದಾಗಲೆಲ್ಲ ಕೋಟೆ ಬಾಗಿಲಲ್ಲಿ ಆ ಶಿಲುಬೆಗೆ ಮುತ್ತಿಟ್ಟು ಊರು ಕಾಯುವೆನೆಂದು ಆಣೆ ಮಾಡುತ್ತಾನೆ. ಆಮೇಲೆ ಅವನಿಗೆ ನಿಷ್ಠರಾಗಿರುತ್ತೇವೆಂದು ಮನೆಗೊಬ್ಬರಂತೆ ಜನ ಮುತ್ತಿಡುತ್ತಾರೆ. ಒಂದೊಂದು ಬಾಯಿ ತಾಗಿದಾಗಲೂ ಒರೆಸಬೇಕು. ಮೂವತ್ತು ವರ್ಷದಲ್ಲಿ ಏಳು ಅರಸರು, ಎಲ್ಲ ಒಂದೇ ವಂಶದ ದಾಯಾದಿಗಳು. ಏಳೂ ಜನ ಆಣೆ ಮುರಿದರು. ಥೂ! ಒಬ್ಬನಂತೂ ಮುತ್ತಿಟ್ಟ ತುಟಿ ಆರುವ ಮೊದಲೇ ಪೇಟೆಗೆ ಬೆಂಕಿ ಇಡಿಸಿದ್ದ.

ಎಂಟನೆಯವನು ದಂಡು ಕಟ್ಟಿಕೊಂಡು ಬಂದು ಕೋಟೆಯ ಹೊರಗೆ ಕೂತ. ಸಂಧಾನಕ್ಕೆಂದು ಊರವರು ಕಳಿಸಿದ ಬಡಗಿ ಪುತ್ಯಾತನನ್ನು ಹಿಡಿದಿಟ್ಟುಕೊಂಡ. ಪುತ್ಯಾತ ನೆಝ್ದಾನನ ಅಳಿಯ.

"ಬಾಗಿಲು ತೆಗೀರಿ. ಮೈಮೇಲೊಂದು ಗೀರೂ ಇಲ್ದಂಗೆ ಅವನನ್ನ ಕಳಿಸ್ತೀನಿ" ಎಂದು ಅರಸು, ನೆಝ್ದಾನ ಕೋಟೆಯಿಂದ ಹೊರಗೆ ಒಯ್ದ ಶಿಲುಬೆಗೆ ಮುತ್ತಿಟ್ಟ.

ಊರ ಸಭೆ ಒಪ್ಪಲಿಲ್ಲ. "ಏಳು ಸಲ ಹಾವಿಗೆ ಹಾಲೆರೆದಿದ್ದು ಸಾಲದೇನಯ್ಯಾ?" ಎಂದು ಕಮ್ಮಾರ ಹಂಗಿಸಿದ.

ನೆಝ್ದಾನ ಮಗಳು ಮಿಲೂಷಾಳ ಮುಖ ನೋಡಿದ. "ಇವನು ಹಾಗಲ್ಲ ಕಣ್ರಯ್ಯಾ. ಕಣ್ಣಲ್ಲಿ ನೀರು ತುಂಬ್ಕೊಂಡು ಮುತ್ತಿಟ್ಟ. ನಾನೇ ಹತ್ರದಿಂದ ನೋಡ್ದೆ" ಎಂದ. ಮೂವತ್ತು ವರ್ಷ ಶಿಲುಬೆ ಹಿಡಿದವನ ಮಾತು, ಜನ ನಂಬಿದರು. ಅವನೇ ಹೋಗಿ ಕೋಟೆಬಾಗಿಲ ಅಗುಳಿ ಎಳೆದ.

ಮರುದಿನ ಬೆಳಿಗ್ಗೆ ಅಳಿಯನನ್ನು ಕಳಿಸಿದರು. ಎರಡೂ ಕಣ್ಣು ಕಿತ್ತಿದ್ದರು.

ಅದೇ ಮಧ್ಯಾಹ್ನ ಊರವರು ಮುತ್ತಿಡಬೇಕೆಂದು ಅಪ್ಪಣೆಯಾಯಿತು. ಇಡದಿದ್ದರೆ ಮನೆಮಂದಿಗೆಲ್ಲ ಸೆರೆ. ನೆಝ್ದಾನ ಶಿಲುಬೆ ಹಿಡಿದು ನಿಂತ, ಒರೆಸಿದ, ಮತ್ತೆ ಒರೆಸಿದ. ಸಾಲಿನಲ್ಲಿ ಮಿಲೂಷಾ ಗಂಡನ ಕೈ ಹಿಡಿದು ಬಂದಳು.

"ಇವರ ಬಾಯಿಗೆ ಆ ಎಂಜಲು ತಾಗಿಸ್ಬೇಡ ಅಪ್ಪಾ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಸುಮ್ನಿರೇ. ಇಲ್ಲಾಂದ್ರೆ ನಿನ್ನನ್ನೂ ಎಳ್ಕೊಂಡು ಹೋಗ್ತಾರೆ" ಎಂದು ಪುತ್ಯಾತ ಮುಂದೆ ಬಾಗಿದ. "ಎಲ್ಲಿದೆ ಮಾವಾ?"

ನೆಝ್ದಾನ ಶಿಲುಬೆಯನ್ನು ಚೂರು ಓರೆ ಮಾಡಿ, ಅದನ್ನು ಹಿಡಿದ ತನ್ನ ಬೆರಳುಗಳನ್ನೇ ಅಳಿಯನ ತುಟಿಗೆ ಒತ್ತಿದ. ಪಕ್ಕದಲ್ಲಿ ನಿಂತಿದ್ದ ಅರಸನ ಕಾವಲಿನವನಿಗೆ ಗೊತ್ತಾಗಲಿಲ್ಲ. "ಹ್ಞೂಂ, ಮುಂದೆ!" ಎಂದು ಗದರಿದ.

"ಇದು ನಿಮ್ಮ ಕೈ ಅಲ್ವಾ ಮಾವಾ?" ಎಂದು ಪುತ್ಯಾತ ಮೆಲ್ಲಗೆ ಕೇಳಿದ.

"ಹೌದಪ್ಪಾ" ಎಂದ ನೆಝ್ದಾನ. "ಅಗುಳಿ ತೆಗೆದಿದ್ದೂ ಇದೇ ಕೈ."

ಪುತ್ಯಾತ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡ.