ತುರ್ಭೆಯಲ್ಲಿ ಹನ್ನೊಂದು ತಂಬಿಗೆ

ಮುಂಬೈ ಪಕ್ಕದ ತುರ್ಭೆಗೆ ಬಂದ ಮರುದಿನ ಕೆಲಸಕ್ಕೆ ಹೊರಟಾಗ ಮಗಳು ನನ್ನ ಕೈಯಲ್ಲಿದ್ದ ನೀರಿನ ಲೋಟ ಕಸಿದುಕೊಂಡಳು. "ಅವ್ವಾ, ನೀರು ಕುಡೀಬ್ಯಾಡ. ಸಂಜೀತನಕ ಎಲ್ಲೂ ಹೋಗಾಕ ಆಗೂದಿಲ್ಲ" ಅಂದಳು. ಇಂಡಿ ತಾಲೂಕಿನಲ್ಲಿ ಬಾವಿ ಬತ್ತಿದ ವರ್ಷವೂ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಇಲ್ಲಿ ನಲ್ಲಿಯಲ್ಲಿ ನೀರು ಸುರಿಯುತ್ತಿತ್ತು, ಕುಡಿಯುವಂತಿರಲಿಲ್ಲ.

ಅಳಿಯ ತೀರಿಕೊಂಡ ಮೇಲೆ ಮಗಳು ಮಹಾದೇವಿ ಒಬ್ಬಳೇ ಆದಳೆಂದು ನಾನು ಬಂದೆ. ನಾವಿರುವುದು ಖೋಲಿಯಲ್ಲಿ, ಅಂದರೆ ಒಂದೇ ಕೋಣೆ, ಅದೇ ಮನೆ. ಮೊಮ್ಮಗಳಿಗೆ ನನ್ನ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಕೊಡುತ್ತಾಳೆ. ನನ್ನನ್ನೇ ಬೈಯುತ್ತಿದ್ದಾಳೇನೋ ಎಂದು ಮೊದಲು ಕಿವಿಗೊಟ್ಟು ಕೇಳುತ್ತಿದ್ದೆ. ಕೆಲಸ ಮೆಣಸಿನಕಾಯಿ ತೊಟ್ಟು ಮುರಿಯುವುದು. ನಮ್ಮ ಕಡೆಯಿಂದಲೇ ಬಂದ ಕಾಯಿ, ನಮ್ಮ ಕಡೆಯವರೇ ಆದ ಹನ್ನೊಂದು ಹೆಂಗಸರು. ಘಾಟು ಅದೇ, ಉರಿ ಅದೇ. ಊರಲ್ಲಾದರೆ ನಡುವೆ ಎದ್ದು ತಂಬಿಗೆ ಹಿಡಿದು ಜಾಲಿಗಿಡದ ಹಿಂದೆ ಹೋಗಿ ಬರುತ್ತಿದ್ದೆವು. ಇಲ್ಲಿ ಗಿಡವಿಲ್ಲ. ಗೋದಾಮಿನ ಹಿಂದೆ ಎರಡು ಸಂಡಾಸು ಇದ್ದವು. ಒಂದು ಗಂಡಸರದು, ಸದಾ ತೆರೆದದ್ದು. ಇನ್ನೊಂದಕ್ಕೆ ಕೀಲಿ, ಅದರ ಚಾವಿ ಮುಕಾದಮನ ಜೇಬಿನಲ್ಲಿ. ಮುಕಾದಮ ಅಂದರೆ ಗೋದಾಮಿನ ಮಾಲಿಕ ಶೇಠ್‌ ನಮ್ಮ ಮೇಲೆ ಇಟ್ಟ ಮೇಸ್ತ್ರಿ. ಕೇಳಿದರೆ, ಹೆಂಗಸರು ಹೊಲಸು ಮಾಡುತ್ತಾರೆ ಅನ್ನುತ್ತಿದ್ದ. ಗಂಡಸರದ್ದರ ವಾಸನೆ ನಮ್ಮ ಚೀಲದವರೆಗೆ ಬರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಮಹಾದೇವಿಗೆ ಉರಿಮೂತ್ರ, ಚಳಿಜ್ವರ. ಡಾಕ್ಟರಮ್ಮ ಗದರಿದಳು: ದಿನಕ್ಕೆ ಎರಡು ದೊಡ್ಡ ಬಾಟಲಿ ನೀರು ಕುಡಿ, ತಡೆದು ಹಿಡಿಯಬೇಡ, ಇಲ್ಲದಿದ್ದರೆ ಮೂತ್ರಪಿಂಡ ಹೋಗುತ್ತದೆ. ನೀರು ಕುಡಿದರೆ ಕೆಲಸಕ್ಕೆ ಕೂರುವಂತಿಲ್ಲ, ಕೆಲಸಕ್ಕೆ ಕೂತರೆ ಕುಡಿಯುವಂತಿಲ್ಲ. ನನಗಿರುವವಳು ಇವಳೊಬ್ಬಳೇ ಮಗಳು.

ಆಗ ಬಂದವಳು ಅನಘಾ. ಮೈಸೂರಿನ ಹುಡುಗಿ, ಬ್ಯಾಂಕಿನ ಕೆಲಸ, ಸಾನಪಾಡಾದಲ್ಲಿ ಮನೆ. ಹೆಂಗಸರ ಹಕ್ಕಿನ ಗುಂಪಿನವಳಂತೆ. ಮರಾಠಿಯಲ್ಲಿ ಬರೆದ ಹಲಗೆಗಳನ್ನು ತಂದು, ಹಿಡಿದು ನಿಲ್ಲಿ ಅಂದಳು.

"ಇದ್ರಾಗ ಏನ್ ಬರದೈತಿ?"

"ಹೆಣ್ಣಿಗೂ ಸಮಾನ ಹಕ್ಕು ಅಂತ, ಅಜ್ಜಿ."

"ನಿನಗೇನ್ ಸಿಗತೈತಿ ಇದ್ರಾಗ?"

"ನನಗೇನೂ ಸಿಗಲ್ಲ ಅಜ್ಜಿ."

ಏನೂ ಸಿಗದ ಕೆಲಸಕ್ಕೆ ರಿಕ್ಷಾ ಹತ್ತಿ ಬರುವವರನ್ನು ನಾನು ನಂಬುವುದಿಲ್ಲ. ಕನ್ನಡದಲ್ಲಿ ನಾಲ್ಕನೇ ಇಯತ್ತೆ ಓದಿದವಳು ನಾನು. ನನಗೆ ಓದಲು ಬಾರದ್ದನ್ನು ಎತ್ತಿ ಹಿಡಿಯುವುದಿಲ್ಲ ಅಂದೆ. ಹಾಗಾದರೆ ಏನು ಹಿಡಿಯುತ್ತೀರಿ ಎಂದು ಅವಳು ಕೇಳಿದಳು. ತಂಬಿಗೆ, ಅಂದೆ. ಹೆಂಗಸು ತಂಬಿಗೆ ಹಿಡಿದು ಹೊರಟರೆ ಎಲ್ಲಿಗೆಂದು ನಮ್ಮ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ, ಮುಖ ತಿರುಗಿಸಿ ದಾರಿ ಬಿಡುತ್ತಾರೆ.

ಮರುದಿನ ಹನ್ನೊಂದು ಜನ ಹನ್ನೊಂದು ತಂಬಿಗೆ ತುಂಬಿಸಿ ಶೇಠನ ಆಫೀಸಿನ ಬಾಗಿಲಿನ ಮುಂದೆ ಸಾಲಾಗಿ ಇಟ್ಟು, ಹಿಂದೆ ಕೂತೆವು. ಕೂಗಲಿಲ್ಲ, ದಾರಿ ಕಟ್ಟಲಿಲ್ಲ, ಕಾಯಿ ಮುಟ್ಟಲಿಲ್ಲ. ಮುಕಾದಮ ಬಂದು "ಆಜೀ, ಹೇ ಕಾಯ್?" ಅಂದ, ಅಜ್ಜಿ, ಇದೇನು ಅಂತ. ನಾನು ತಂಬಿಗೆ ನೋಡಿದೆ, ಅವನನ್ನು ನೋಡಿದೆ. ಅವನು ಕಾಲಿನಿಂದ ಒಂದನ್ನು ಉರುಳಿಸಿದ. ಪಕ್ಕದ ಕಾಶವ್ವ ಕೈ ಎತ್ತಿದಳು. ಯಾರ ಮೈಯನ್ನೂ ಮುಟ್ಟಬಾರದೆಂದು ಅನಘಾ ಮೊದಲೇ ಹೇಳಿದ್ದಳು, ನಾನು ಕಾಶವ್ವನ ಸೆರಗು ಹಿಡಿದು ಕೂರಿಸಿದೆ. ನಲ್ಲಿಗೆ ಹೋಗಿ ಆ ತಂಬಿಗೆ ತುಂಬಿಸಿ ತಂದು ಅಲ್ಲೇ ಇಟ್ಟೆ. ಕಾಯಿ ನೋಡಲು ಬಂದ ವ್ಯಾಪಾರಿಗಳು ತಂಬಿಗೆ ದಾಟಿ ಒಳಗೆ ಹೋಗಬೇಕಾಯಿತು. ಒಬ್ಬ ಇದೇನೆಂದು ಕೇಳಿದ, ಇನ್ನೊಬ್ಬ ನಕ್ಕ, ಮೂರನೆಯವನು ಒಳಗೆ ಹೋಗಲೇ ಇಲ್ಲ. ಅನಘಾ ರಜೆ ಹಾಕಿ ನಮ್ಮ ಜೊತೆ ಕೂತಳು. ಮೂರನೆಯ ದಿನ ಅವಳ ತುಟಿಯೂ ಒಣಗಿತ್ತು. ಆವತ್ತು ಅವಳನ್ನು ಅರ್ಧ ನಂಬಿದೆ.

ಆ ದಿನವೇ ಮಧ್ಯಾಹ್ನ ಶೇಠ್‌ ಹೊರಗೆ ಬಂದು ಚಾವಿಯನ್ನು ನನ್ನ ಕೈಗೆ ಕೊಟ್ಟ. ನನ್ನ ಕೈಗೇ ಏಕೆ? ಮೊದಲು ಸಂಡಾಸಿನ ಒಳಗೆ ಹೋಗಿ ಚಿಲಕ ಎಳೆದು ನೋಡಿದೆ, ನಲ್ಲಿ ತಿರುಗಿಸಿದೆ, ಬಾಗಿಲಲ್ಲಿ ತೂತಿದೆಯೇ ಎಂದು ಬೆರಳಾಡಿಸಿದೆ. ಆಮೇಲೆ ಮಹಾದೇವಿಗೆ ನೀರಿನ ಬಾಟಲಿ ಕೊಟ್ಟೆ.

ಚಾವಿ ನನ್ನ ಎಲೆಅಡಿಕೆ ಚೀಲದಲ್ಲೇ ಉಳಿಯಿತು. ಇನ್ನೊಂದು ಮಾಡಿಸೋಣ ಎಂದರೆ ನಾನು ಒಪ್ಪಲಿಲ್ಲ. ಎರಡನೆಯದು ಮುಕಾದಮನ ಕೈ ಸೇರುತ್ತದೆಂಬ ಅನುಮಾನ. ಕೇಳಲು ಬಂದವರಿಗೆ "ಈಗರ ಹೋಗಿ ಬಂದೀಯಲ್ಲ?" ಅನ್ನುತ್ತಿದ್ದೆ. ಕಾಶವ್ವ ಒಮ್ಮೆ ಮುಖ ಊದಿಸಿಕೊಂಡಳು. ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ.

ತಮ್ಮನ ಮಗಳ ಮದುವೆ ಬಂತು, ಊರಿಗೆ ಹೋದೆ. ತಮ್ಮನ ಮನೆಗೆ ಈಗ ಸ್ಲ್ಯಾಬು ಬಿದ್ದಿದೆ, ದೊಡ್ಡ ಟೀವಿ ಇದೆ, ಮೋಟರ್‌ ಸೈಕಲ್ಲಿಗೆ ಬೇರೆ ಕೋಣೆ ಇದೆ. ಹೆಂಗಸರು ಇನ್ನೂ ಜಾಲಿಗಿಡದ ಹಿಂದೆಯೇ. ಮೊದಲು ಅದು ನನಗೆ ಕಷ್ಟವೆನಿಸಿರಲಿಲ್ಲ. ಈಗ ಗಿಡದ ಆಚೆ ಟ್ರ್ಯಾಕ್ಟರ್‌ ಸದ್ದಾದಾಗ ಕೈ ತಾನಾಗಿ ಚಿಲಕ ಹುಡುಕಿತು. ತಮ್ಮನ ಹೆಂಡತಿ ಗಂಗವ್ವ ನಕ್ಕಳು. "ಅಕ್ಕಾ, ಭಾಳ ಮುಂಬೈಯಾಕಿ ಆಗಿ ಬಂದಿ ಬಿಡು."

ಅದೇ ದಿನ ಮಹಾದೇವಿಯ ಫೋನು. "ಅವ್ವಾ, ಚಾವಿ ಎಲ್ಲೈತಿ?"

ಟೊಂಕ ಮುಟ್ಟಿ ನೋಡಿಕೊಂಡೆ. ಚೀಲದಲ್ಲೇ ಇತ್ತು.

"ಹತ್ತು ಮಂದಿ ಮುಂಜಾನಿಂದ ನೀರು ಕುಡದಿಲ್ಲ" ಅಂದಳು. "ಮುಕಾದಮನ ಕೈಯಾಗ ಇದ್ದಿದ್ರ ಅವನ್ನ ಬೈತಿದ್ವಿ. ನಿನಗ ಏನಂತ ಬೈಯೂಣು?"

ಅಕ್ಷತೆಗೂ ಕಾಯದೆ ಹೊರಟೆ. ಕಲ್ಯಾಣದಲ್ಲಿ ರೈಲು ಇಳಿದು, ಬಸ್ಸು ಹಿಡಿದು, ತುರ್ಭೆ ಮುಟ್ಟುವಾಗ ಮರುದಿನ ಬಿಸಿಲೇರಿತ್ತು. ನನ್ನ ಖೋಲಿಯ ಬಾಗಿಲಿನ ಮುಂದೆ ತಂಬಿಗೆಗಳು ಸಾಲಾಗಿದ್ದವು, ತುಂಬಿದವು. ಹಿಂದೆ ಹೆಂಗಸರು ಕೂತಿದ್ದರು, ಕಾಶವ್ವ ಮುಂದೆ. ಹಾಗೆ ಕೂರುವುದನ್ನು ಕಲಿಸಿದವಳು ನಾನೇ. ಮಹಾದೇವಿಯೂ ಅವರ ನಡುವೆಯೇ ಇದ್ದಳು. ಮುಖ ಬಾಡಿತ್ತು. ಚಾವಿ ತೆಗೆದು ಕಾಶವ್ವನ ಕೈಗಿಟ್ಟೆ. ಅದೀಗ ಗೋದಾಮಿನ ಮೊಳೆಗೆ ನೇತಾಡುತ್ತದೆ, ಬೇಕಾದವರು ಒಯ್ಯುತ್ತಾರೆ. ಮೊಳೆ ಖಾಲಿ ಕಂಡಾಗ ಈಗಲೂ ನನ್ನ ಕೈ ಎಲೆಅಡಿಕೆ ಚೀಲಕ್ಕೆ ಹೋಗುತ್ತದೆ. ಎಲೆ ತೆಗೆದು ಸುಣ್ಣ ಹಚ್ಚಿಕೊಳ್ಳುತ್ತೇನೆ.

ಆವತ್ತು ಬಾಗಿಲ ಮುಂದೆ ಇದ್ದ ತಂಬಿಗೆ ಹತ್ತು. ಹನ್ನೊಂದನೆಯದು ನನ್ನದು, ಮದುವೆಗೆ ಹೋಗುವಾಗ ಜೊತೆಗೆ ಒಯ್ದಿದ್ದೆ. ಊರು ಬಿಡುವಾಗ ಅದನ್ನು ತುಂಬಿಸಿ ತಮ್ಮನ ಹೊಸ ಬಾಗಿಲಿನ ಮುಂದೆ ಇಟ್ಟು ಬಂದಿದ್ದೆ. ಗಂಗವ್ವ ಫೋನು ಮಾಡುತ್ತಾಳೆ, ಅದನ್ನು ಎಂದು ಒಯ್ಯುತ್ತೀ ಎಂದು ಕೇಳುತ್ತಾಳೆ. ಸಂಡಾಸು ಕಟ್ಟಿದ ಮೇಲೆ, ಅನ್ನುತ್ತೇನೆ. ತಮ್ಮ ದಾಟಿಕೊಂಡೇ ಓಡಾಡುತ್ತಾನಂತೆ. ನೀರು ಕಡಿಮೆಯಾದರೆ ತುಂಬಿಸುವವಳು ಯಾರು ಎಂದು ಕೇಳಿದೆ.

"ನಾನಽ" ಅಂದಳು ಗಂಗವ್ವ.