ಜೊತೆಗೆ ಕಳಿಸಿದ ಹೆಂಗಸು

ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಯನ್ನು ಕಟ್ಟಿಕೊಂಡವನಿಗೆ ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ ಎಂದು ನಂಬಿದ್ದೆವು. ಹಾಗೆ ಹೇಳಿದವಳು ಅವನ ತಾಯಿ ಎಂದು ಬಂದಿದ್ದ ಹೆಂಗಸು. ವರದಕ್ಷಿಣೆ ಬೇಡ ಅಂದಳು. ಮದುವೆ ಖರ್ಚನ್ನು ತಾನೇ ಹುಡುಗಿಯ ಅಪ್ಪನ ಕೈಗೆ ಹಾಕಿದಳು, ಅವನ ಹಳೆಯ ಸಾಲವನ್ನೂ ತೀರಿಸಿದಳು. ಆಗ ಇಸವಿ ಎಪ್ಪತ್ತಾರೋ ಎಪ್ಪತ್ತೇಳೋ ಇರಬೇಕು. ವರ್ಷದ ವಿಷಯದಲ್ಲಿ ನನ್ನನ್ನು ನಂಬಬೇಡಿ.

ನಮ್ಮಲ್ಲಿ ಹೊಸ ಮದುಮಗಳನ್ನು ಒಬ್ಬಳನ್ನೇ ಗಂಡನ ಮನೆಗೆ ಕಳಿಸುವುದಿಲ್ಲ. ಜೊತೆಗೆ ಒಬ್ಬ ಹೆಂಗಸು ಹೋಗಿ, ನಾಲ್ಕು ದಿನ ಇದ್ದು, ಆ ಮನೆಯವರ ನಡೆನುಡಿ ನೋಡಿಕೊಂಡು ಬರಬೇಕು. ಸಾಮಾನ್ಯವಾಗಿ ಹೋಗುವುದು ಸೋದರತ್ತೆಯೋ ದೊಡ್ಡಮ್ಮನೋ. ಆ ಹೆಂಗಸು ನನ್ನ ಕಡೆ ಕೈ ತೋರಿಸಿ, "ವಯಸ್ಸಾದೋರು ಬ್ಯಾಡಿ ಕಣ್ರೀ, ರೈಲಲ್ಲಿ ತಡ್ಕಳಲ್ಲ. ಇವಳು ಬರ್ಲಿ," ಎಂದಳು. ನನಗಾಗ ಇಪ್ಪತ್ತರ ಆಸುಪಾಸು, ಇನ್ನೂ ಮಕ್ಕಳಿರಲಿಲ್ಲ. ಎಷ್ಟು ತಿಳಿವಳಿಕೆ ಇರೋ ಹೆಣ್ಣುಮಗಳು ಎಂದು ನಮ್ಮತ್ತೆ ಅವಳನ್ನು ಹೊಗಳಿದರು.

ಎಕ್ಸ್‌ಪ್ರೆಸ್ ಅಜ್ಜಂಪುರದಲ್ಲಿ ನಿಲ್ಲುವುದಿಲ್ಲ ಎಂದು ಹುಡುಗಿ, ಅವಳ ಗಂಡ, ಆ ಹೆಂಗಸು, ನಾನು, ನಾಲ್ವರೂ ಬಸ್ಸಿನಲ್ಲಿ ಬೀರೂರಿಗೆ ಹೋಗಿ ರೈಲು ಹತ್ತಿದೆವು. ನಮ್ಮೂರ ಸ್ಟೇಷನ್ ಕಿಟಕಿಯಾಚೆ ಸರಿದು ಹೋಗುವಾಗ ಹುಡುಗಿ ಎದ್ದು ನಿಂತು, "ಅಕ್ಕಾ, ನಮ್ಮೂರು!" ಎಂದಳು. ಇಲ್ಲಿ ಅವಳು ಅತ್ತಳು ಎಂದು ಬರೆದರೆ ಒಪ್ಪುತ್ತದೆ. ಆದರೆ ನಕ್ಕಳು.

ದಾವಣಗೆರೆ ಬಂತು. ಯಾರೂ ಏಳಲಿಲ್ಲ. ನಾನು ಗಂಟು ಹಿಡಿದು ಎದ್ದೆ.

"ಕೂತ್ಕಳಮ್ಮ, ಇನ್ನೂ ಮುಂದೈತೆ," ಅಂದಳು ಆ ಹೆಂಗಸು.

"ದಾವಣಗೆರೆ ಅಂದಿದ್ರಲ್ಲ?"

"ಅಂಗಡಿ ಇಲ್ಲಿ. ಮನೆ ಹರಿಹರ."

ರೈಲು ಹೊರಟಿತು. ಮುಖ ತೊಳೆಯಲು ಹೋದೆ. ಹಿಂದಿರುಗಿ ಬಂದಾಗ ಹುಡುಗಿ ಕಿಟಕಿಗೆ ತಲೆಯಿಟ್ಟು ತೂಕಡಿಸುತ್ತಿದ್ದಳು. ಎದುರು ಸೀಟಿನ ಮುದುಕನೊಬ್ಬ ಆ ಹೆಂಗಸನ್ನು ಮಾತಿಗೆಳೆದಿದ್ದ. ನಾನು ಅವಳ ಬೆನ್ನ ಹಿಂದಿದ್ದೆ.

"ಎಲ್ಲೀಗಂಟ ತಾಯಿ?"

"ಮೀರಜಿಗೆ. ಅಲ್ಲಿಂದ ಬೊಂಬಾಯಿ."

"ಈ ಹುಡುಗೀರು?"

"ಇಬ್ರೂ ನನ್ನ ಸೊಸೆದೀರೇ."

ಇಬ್ಬರೂ. ಹುಡುಗಿಯನ್ನು ಕಾಯಲು ಊರವರು ನನ್ನನ್ನು ಕಳಿಸಿದ್ದರು. ಆ ಹೆಂಗಸಿನ ಲೆಕ್ಕದಲ್ಲಿ ನಾನು ಎರಡನೆಯವಳು.

ಹೋಗಿ ಹುಡುಗಿಯ ಪಕ್ಕ ಕೂತೆ. ಏನೂ ಗೊತ್ತಿಲ್ಲದವಳಂತೆ ಅವಳ ಸೆರಗು ಸರಿಮಾಡುತ್ತ, "ಹರಿಹರದಲ್ಲಿ ಇಳೀಬೇಕು ಕಣೇ. ನಾನು ಎಳೆದ ತಕ್ಷಣ," ಎಂದು ಕಿವಿಯಲ್ಲಿ ಹೇಳಿದೆ. ಯಾಕೆ ಎಂದು ಅವಳು ಕೇಳಲಿಲ್ಲ. ಅಥವಾ ಕೇಳಿರಬಹುದು, ರೈಲಿನ ಸದ್ದಿಗೆ ನನಗೆ ಕೇಳಿಸದೇ ಇರಬಹುದು.

ಹರಿಹರದಲ್ಲಿ ಗಂಟು ಬಿಟ್ಟು, ಅವಳ ಕೈ ಹಿಡಿದು ಇಳಿದುಬಿಟ್ಟೆ. ಗಂಡ ಹಿಂದೆಯೇ ಹಾರಿ ಅವಳ ಇನ್ನೊಂದು ಕೈ ಹಿಡಿದ. ಜನ ಸೇರಿದರು.

"ನನ್ನ ಹೆಂಡ್ತಿ. ಬಿಡು ಕೈನ."

"ಇವರು ಗಂಡ ಹೆಂಡ್ತಿ, ಮಧ್ಯದಲ್ಲಿ ನಿಂದೇನಮ್ಮ?" ಎಂದು ರೈಲ್ವೆಯವನೊಬ್ಬ ನನ್ನನ್ನೇ ಗದರಿಸಿದ. ಅವಳ ಕೊರಳಲ್ಲಿ ತಾಳಿ ಇತ್ತು. ನನ್ನ ಬಾಯಲ್ಲಿ ಬರೀ ಮಾತು.

ಹೆಂಗಸು ಬೋಗಿಯ ಬಾಗಿಲಲ್ಲೇ ನಿಂತು ಕೂಗಿದಳು: "ನಿಮ್ಮಪ್ಪ ಈಸ್ಕಂಡಿದ್ದನ್ನ ಯಾರು ತೀರಿಸ್ತಾರೆ? ನೀನು ಬರದಿದ್ರೆ ನಿನ್ನ ತಂಗಿ ಬತ್ತಾಳೆ. ಇಬ್ರಲ್ಲಿ ಒಬ್ಳು ದುಡಿದು ತೀರಿಸ್ಲೇಬೇಕು ಕಣೇ!"

ನನ್ನ ಹಿಡಿತದಲ್ಲಿದ್ದ ಕೈ ಸಡಿಲವಾಯಿತು. ಹೋಗುತ್ತಾಳೆ ಎಂದುಕೊಂಡೆ. ಅವಳು ಎರಡೂ ಕೈ ಕೊಸರಿಕೊಂಡು, ತಾಳಿ ತೆಗೆದು ಅವನ ಎದೆಗೆ ಎಸೆದಳು.

"ಇನ್ನೇನೈತೆ ನಿಮ್ದು ನನ್ನತ್ರ?"

ದಾರ ಕಿತ್ತಳು ಎಂದು ನಾನು ಹೇಳುತ್ತೇನೆ. ಇಲ್ಲ ಕಣಕ್ಕ, ತಲೆ ಮೇಲಿಂದ ತೆಗೆದೆ ಎಂದು ಅವಳು ಇವತ್ತಿಗೂ ವಾದ ಮಾಡುತ್ತಾಳೆ. ರೈಲು ಕೂಗಿತು.

"ಲೇ, ಅದನ್ನ ಬಿಟ್ಟು ಬರಬ್ಯಾಡ ಕಣೋ! ಇನ್ನೊಂದು ಎಲ್ಲಿಂದ ತರೋದು?" ಎಂದಳು ಹೆಂಗಸು. ಅವನು ಬಗ್ಗಿ ತಾಳಿ ಎತ್ತಿಕೊಂಡು, ಜೇಬಿಗೆ ಹಾಕಿ, ಓಡಿ ರೈಲು ಹತ್ತಿದ.

ಹುಡುಗಿ ನನ್ನ ಕಡೆ ತಿರುಗಿದಳು. "ಅಕ್ಕ, ಮುಂದಿನ ಸ್ಟೇಷನ್ನಲ್ಲಿ ಇಳಿದು ಅವರು ನಮಗಿಂತ ಮುಂಚೆ ಊರಿಗೆ ಹೋದ್ರೆ? ತಂಗಿ ಒಬ್ಳೇ ಅವಳೆ. ಅಪ್ಪ ಕಳಿಸ್ಬಿಡ್ತಾನೆ."

ವಾಪಸ್ ರೈಲು ಸಂಜೆಗೆ. ಕೈಯಲ್ಲಿ ಕಾಸಿಲ್ಲ. ರಸ್ತೆಗೆ ಬಂದು ನಿಂತೆವು. ಲಾರಿಯೊಂದು ಬಂದು ನಿಂತಿತು. ಡ್ರೈವರ್ ಬಾಗಿಲು ತೆಗೆದು, "ಎಲ್ಲಿಗಮ್ಮ, ಇಬ್ರೇನಾ?" ಎಂದ. ನಾನು ಅವನ ಮುಖವನ್ನೇ ನೋಡಿದೆ. ಒಳ್ಳೆಯವನೋ ಕೆಟ್ಟವನೋ, ಆ ಮುಖದಲ್ಲಿ ಏನೂ ತಿಳಿಯಲಿಲ್ಲ.

ಹುಡುಗಿ ನನಗಿಂತ ಮೊದಲು ಹತ್ತಿದಳು.