ಕಿತ್ತು ನೆಟ್ಟ ಪಾರ್ಸ್ಲಿ

ಹೆಸ್ಟರ್ ಸಟ್‌ಕ್ಲಿಫ್ ಸುಲಭಕ್ಕೆ ಹೆದರುವ ಹೆಂಗಸಲ್ಲ. ಗಿರಣಿಯಲ್ಲಿ ನಾಲ್ಕು ಮಗ್ಗಗಳನ್ನು ಒಬ್ಬಳೇ ನೋಡಿಕೊಂಡವಳು. ಮೇಸ್ತ್ರಿಯನ್ನು ಮುಖಕ್ಕೆ ಮುಖ ಕೊಟ್ಟು ಬೈದು, ಮರುದಿನ ಏನೂ ಆಗದವಳಂತೆ ಅದೇ ಮಗ್ಗದ ಮುಂದೆ ನಿಂತವಳು. ಯುದ್ಧದ ಕಾಲದಲ್ಲಿ ಬಾಂಬಿನ ಸೈರನ್ ಕೂಗಿದರೂ ಒಲೆಯ ಮೇಲಿದ್ದದ್ದನ್ನು ಕೆಳಗಿಳಿಸಿ, ಮುಚ್ಚಿಟ್ಟೇ ಹೊರಗೆ ಬರುತ್ತಿದ್ದಳು. ಭಾನುವಾರದ ಪ್ರಾರ್ಥನೆಗೆ ಹೋಗುವುದು ಅಲ್ಲಿ ಕೊಡುವ ಟೀ ಮತ್ತು ಕೇಕಿಗಾಗಿ ಎಂದು ಪಾದ್ರಿಗೇ ಹೇಳಿದ್ದಳು. ಇಂಥವಳು ಹೆದರುತ್ತಿದ್ದದ್ದು ಪಾರ್ಸ್ಲಿಗೆ. ಕೊತ್ತಂಬರಿಯ ಅಕ್ಕನ ಹಾಗೆ ಕಾಣುವ, ಬೇಯಿಸಿದ ಮೀನಿನ ಮೇಲೆ ಹೆಚ್ಚಿ ಉದುರಿಸುವ ಆ ಸಾಧು ಸೊಪ್ಪಿಗೆ!

ಪಾರ್ಸ್ಲಿಯನ್ನು ಬಿತ್ತಬಹುದು, ಗುಡ್‌ಫ್ರೈಡೆಯ ದಿನ ಬಿತ್ತಿದರೆ ಇನ್ನೂ ಒಳ್ಳೆಯದು. ಕೊಯ್ಯಬಹುದು, ತಿನ್ನಬಹುದು. ಬೇರುಸಹಿತ ಕಿತ್ತು ಇನ್ನೊಂದು ಕಡೆ ಮಾತ್ರ ನೆಡಬಾರದು. ನೆಟ್ಟರೆ ಮನೆಯಿಂದ ಒಂದು ಹೆಣ ಹೊರಡುತ್ತದೆ. ಯಾರ್ಕ್‌ಶೈರಿನ ಆ ಕಣಿವೆಯ ಹಳಬರೆಲ್ಲ ಇದನ್ನು ನಗುನಗುತ್ತಲೇ ಹೇಳುತ್ತಿದ್ದರು. ನಗುತ್ತಿದ್ದವರೂ ಕಿತ್ತು ನೆಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಹೆಸ್ಟರಳಿಗೆ ನಗು ಬರುತ್ತಿರಲಿಲ್ಲ. ಅವಳಿನ್ನೂ ಚಿಕ್ಕವಳಿದ್ದಾಗ ಅವಳ ತಾಯಿ, ಮುಂಬಾಗಿಲ ಗೋಡೆಯ ಬುಡದಲ್ಲಿದ್ದ ಪಾರ್ಸ್ಲಿಗೆ ಬಿಸಿಲು ಸಾಲದೆಂದು ಕಿತ್ತು ಹಿತ್ತಲಿಗೆ ಒಯ್ದು ನೆಟ್ಟಳು. ಬೀನ್ಸ್ ಹೂ ಬಿಡುವ ಮೊದಲೇ ತಮ್ಮ ಅರ್ನಿ ಗಂಟಲಮಾರಿಯಿಂದ ಸತ್ತ. ಆ ವರ್ಷ ಬೀದಿಯಲ್ಲಿ ಇನ್ನೂ ಎಷ್ಟೋ ಮಕ್ಕಳು ಸತ್ತಿದ್ದವು, ಆ ಮನೆಗಳಲ್ಲಿ ಯಾರೂ ಯಾವ ಸೊಪ್ಪನ್ನೂ ಕಿತ್ತಿರಲಿಲ್ಲ. ತಾಯಿಯ ಕಿವಿಗೆ ಅದು ಹೋಗಲಿಲ್ಲ. "ನಾನೇ ಮಾಡ್ದೆ, ನಾನೇ ಮಾಡ್ದೆ" ಎನ್ನುತ್ತಾ, ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು, ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುವುದು ಸಾಯುವ ತನಕ ಅವಳ ಅಭ್ಯಾಸವಾಗಿಹೋಯಿತು. ಈ ಕಥೆಯನ್ನು ಹೆಸ್ಟರ್ ಗಂಡ ವಿಲ್ಫ್‌ನ ಹೊರತು ಇನ್ನೊಬ್ಬರಿಗೆ ಹೇಳಿರಲಿಲ್ಲ.

ಊರ ಹೊಳೆಯ ಪಕ್ಕದಲ್ಲಿ ನಗರಸಭೆ ಬಾಡಿಗೆಗೆ ಕೊಡುವ ತೋಟದ ತುಂಡುಗಳಿದ್ದವು. ಹೆಸ್ಟರ್ ಮತ್ತು ವಿಲ್ಫ್ ಮದುವೆಯಾದಾಗಿನಿಂದ ಕೆಳಸಾಲಿನ ಒಂದು ತುಂಡನ್ನು ಉತ್ತು ಬಿತ್ತಿ ಬೆಣ್ಣೆಯಂಥ ಮಣ್ಣು ಮಾಡಿಕೊಂಡಿದ್ದರು. ಆ ಚಳಿಗಾಲ ಹೊಳೆ ಎರಡು ಸಲ ಉಕ್ಕಿತು. ಕೆಳಸಾಲಿನಲ್ಲಿ ದೊಡ್ಡ ಕೊಳವೆ ಹೂಳುವುದೆಂದು ತೀರ್ಮಾನವಾಯಿತು. ಈಸ್ಟರ್ ಹಬ್ಬದೊಳಗೆ ಎಲ್ಲರೂ ಗಂಟುಮೂಟೆ ಕಟ್ಟಿ ಮೇಲಿನ ಹೊಸ ತುಂಡುಗಳಿಗೆ ಹೋಗಬೇಕಾಯಿತು.

ಆ ವಸಂತ ಶುರುವಿನಿಂದಲೇ ಹೆಸ್ಟರಳಿಗೆ ಸರಿಕಾಣಲಿಲ್ಲ. ಚಳಿನಿದ್ದೆ ಮುಗಿಸಿದ ಕಪ್ಪೆಗಳು ಮೊಟ್ಟೆಯಿಡಲು ತಾವು ಹುಟ್ಟಿದ ಹೊಂಡವನ್ನು ಹುಡುಕಿಕೊಂಡು ಬಂದವು. ಕೆಲಸದವರು ಹೊಂಡವನ್ನು ಆಗಲೇ ಮುಚ್ಚಿದ್ದರು. ಕಪ್ಪೆಗಳು ಆ ಹಸಿಮಣ್ಣಿನ ಮೇಲೇ ಒಂದರ ಬೆನ್ನಿಗೊಂದು ಅಂಟಿಕೊಂಡು, ನೀರು ಬರುತ್ತದೆನ್ನುವಂತೆ ಕಾದು ಕೂತವು. ಹೆಸ್ಟರ್ ಅವನ್ನು ಬಕೆಟ್ಟಿನಲ್ಲಿ ತುಂಬಿ ರೈಲುದಾರಿಯ ಆಚೆಯ ಕುಂಟೆಗೆ ಬಿಟ್ಟು ಬಂದಳು. ಮೂರನೆಯ ದಿನಕ್ಕೆ ಮತ್ತೆ ಬಂದು ಕೂತಿದ್ದವು, ಕೆಲವು ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾಗಿದ್ದವು. ನೆಲೆ ತಪ್ಪಿಸಿದ್ದು ಯಾವುದಕ್ಕೂ ಒಳ್ಳೆಯದಾಗುವುದಿಲ್ಲ ಎಂದು ಅವಳಿಗೆ ಅನಿಸಿತು.

ವಿಲ್ಫ್‌ನ ಹೃದಯ ಕ್ರಿಸ್‌ಮಸ್ಸಿನ ಹೊತ್ತಿಗೆ ಒಮ್ಮೆ ಕೈಕೊಟ್ಟಿತ್ತು. ಸಲಿಕೆ ಮುಟ್ಟಬಾರದೆಂದು ಡಾಕ್ಟರ ಅಪ್ಪಣೆ. ಆತ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಬಿತ್ತನೆ ಆಲೂಗಡ್ಡೆಗಳನ್ನು ಮೊಳಕೆ ಮೇಲೆ ಬರುವಂತೆ ಮೊಟ್ಟೆಯ ಟ್ರೇಗಳಲ್ಲಿ ಜೋಡಿಸುತ್ತಾ, ಅಗೆಯುತ್ತಿದ್ದ ಹೆಂಡತಿಗೆ ಬುದ್ಧಿ ಹೇಳುತ್ತಿದ್ದ.

"ರೂಬಾರ್ಬ್ ಗಡ್ಡೆ ಸೀಳ್ಬೇಡ್ವೇ ಹುಡ್ಗಿ, ಇಡಿಯಾಗಿ ಎತ್ತು."

"ನೀನು ಆಲೂಗಡ್ಡೆಗೆ ಉಪದೇಶ ಮಾಡು. ಅವು ಎದುರು ಮಾತಾಡಲ್ಲ."

ಮಣ್ಣು ತಿರುವಿದಲ್ಲೆಲ್ಲ ಹಾಜರಾಗುವ ಕೆಂಪೆದೆಯ ರಾಬಿನ್ ಹಕ್ಕಿಯೊಂದಿತ್ತು. ವಿಲ್ಫ್‌ನ ಬೂಟಿನ ತುದಿಯ ಮೇಲೆ ಕೂತು ಅವನ ಬೆರಳಿನಿಂದ ಎರೆಹುಳು ಕಿತ್ತುಕೊಳ್ಳುವಷ್ಟು ಅದಕ್ಕೆ ಸಲಿಗೆ. ತೋಟದಲ್ಲಿ ಅದು ನೆಂಟ. ಮನೆಯೊಳಗೆ ಬಂದರೆ ಮಾತ್ರ ಯಾರನ್ನೋ ಸಾವಿಗೆ ಕರೆಯಲು ಬಂದಿದೆ ಎಂದು ಲೆಕ್ಕ. ಮನೆ ತೋಟದಿಂದ ಒಂದು ಕೂಗಳತೆ ದೂರ, ಹಾಗಾಗಿ ಹೆಸ್ಟರ್ ಹಿತ್ತಿಲ ಬಾಗಿಲನ್ನು ಎಂದೂ ತೆರೆದು ಬಿಡುತ್ತಿರಲಿಲ್ಲ.

ಪಕ್ಕದ ತುಂಡಿನ ಆಕ್ರಾಯ್ಡ್, ಗಿರಣಿಯಲ್ಲಿ ಅವರ ಜೊತೆಯವನೇ. ಮನೆಯೂ ಹಿಂದಿನ ಓಣಿಯಾಚೆ ಎದುರಿಗೇ. ದೊಡ್ಡ ಪೇಟೆಯಲ್ಲಿ ಹುಟ್ಟಿ ಬೆಳೆದು ಆಮೇಲೆ ಬಂದವನು, ಕಣಿವೆಯ ಭಯಗಳು ಅವನಿಗೆ ತಾಗಿರಲಿಲ್ಲ. ದಿನಕ್ಕೊಂದು ಉಪಕಾರ ಮಾಡದಿದ್ದರೆ ಉಂಡದ್ದು ಅರಗದ ಜಾತಿ. ಹೆಸ್ಟರಳ ಶೆಡ್ಡಿನ ಹಲಗೆ, ಗೂಸ್‌ಬೆರ್ರಿ ಗಿಡಗಳು, ಗೊಬ್ಬರ, ಎಲ್ಲವನ್ನೂ ತಳ್ಳುಗಾಡಿಯಲ್ಲಿ ಮೇಲೆ ಸಾಗಿಸಿದವನು ಅವನೇ.

"ಆ ಪಾರ್ಸ್ಲಿ ಸಾಲು ಮಾತ್ರ ಬಿಟ್ಬಿಡಪ್ಪ. ಮಣ್ಣಲ್ಲೇ ಮುಚ್ಹೋಗ್ಲಿ" ಎಂದಿದ್ದಳು ಹೆಸ್ಟರ್.

"ಅಷ್ಟು ಚೆನ್ನಾಗಿದ್ಯಲ್ಲ ಚಿನ್ನಾ?" ಅವನಿಗೆ ಎಲ್ಲ ಹೆಂಗಸರೂ ಚಿನ್ನವೇ.

"ಬೇಡ ಅಂದ್ರೆ ಬೇಡ."

ಯಾಕೆ ಎಂದು ಹೇಳಲಿಲ್ಲ. ಹೇಳಿದ್ದರೆ ಅವನು ಬಿದ್ದು ಬಿದ್ದು ನಗುತ್ತಿದ್ದ. ನಕ್ಕಿದ್ದರೂ ಆಗುತ್ತಿತ್ತು, ಆದರೆ ಅವಳಿಗೆ ಬಿಗುಮಾನ.

ಎರಡು ದಿನ ಕಳೆದು ಅವಳು ವಿಲ್ಫ್‌ನನ್ನು ಆಸ್ಪತ್ರೆಗೆ ಕರೆದೊಯ್ದಳು. ಪರೀಕ್ಷೆ ಮುಗಿದು ವಿಲ್ಫ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ, ಗಾಜಿನ ಬಾಗಿಲಾಚೆ ಡಾಕ್ಟರು ನರ್ಸಿನೊಡನೆ ಮಾತಾಡುತ್ತಿದ್ದುದು ಕಂಡಿತು. ಮಗ್ಗಗಳ ಗದ್ದಲದಲ್ಲಿ ದುಡಿದವರಿಗೆ ಮಾತು ಕೇಳಿಸಬೇಕಾಗಿಲ್ಲ, ತುಟಿ ಕಂಡರೆ ಸಾಕು. "ಈ ಬೇಸಿಗೆ ದಾಟಿದ್ರೆ ಹೆಚ್ಚು" ಎಂದಿತು ಡಾಕ್ಟರ ತುಟಿ. ಹೆಸ್ಟರ್ ಗಂಡನಿಗೆ ಮಫ್ಲರ್ ಸುತ್ತಿ, ಬಸ್ಸಿನಲ್ಲಿ ಉದ್ದಕ್ಕೂ ಹವಾಮಾನದ ಮಾತಾಡುತ್ತಾ ಬಂದಳು.

ಬಸ್ಸಿಳಿದು ತೋಟಕ್ಕೆ ಹೋದರೆ ಆಕ್ರಾಯ್ಡ್ ಹೊಸ ತುಂಡಿನ ಮುಂದೆ ಮದುವಣಿಗನಂತೆ ನಿಂತಿದ್ದ. ಅವನ ಹಿಂದೆ, ದಾರ ಹಿಡಿದು ನೇರ ಮಾಡಿದ ಪಾತಿಯಲ್ಲಿ, ಪಾರ್ಸ್ಲಿ ಸಾಲು.

"ಸಂಕೋಚಕ್ಕೆ ಬೇಡ ಅಂತೀಯ ಅಂತ ಗೊತ್ತು ನಂಗೆ. ಬೇರಿಗೆ ಏಟಾಗ್ದಂಗೆ ಹೆಂಟೆಸಮೇತ ತಂದಿದೀನಿ. ಏನಂತೀಯಾ?"

ಹೆಸ್ಟರ್ ತಳ್ಳುಗಾಡಿಯ ಅಂಚು ಹಿಡಿದುಕೊಂಡಳು. ವಿಲ್ಫ್ ಅವಳ ಮುಖ ನೋಡಿದ. ಅವನೇ ಮುಂದೆ ಬಂದು ಆಕ್ರಾಯ್ಡ್‌ನ ಬೆನ್ನು ತಟ್ಟಿದ. "ಉಪಕಾರ ಆಯ್ತಪ್ಪ. ಅವ್ಳಿಗೆ ಬಸ್ಸಲ್ಲಿ ತಲೆ ತಿರುಗಿದೆ, ಅಷ್ಟೇ."

ಕಿತ್ತು ನೆಟ್ಟ ಪಾರ್ಸ್ಲಿ ಸಾಮಾನ್ಯವಾಗಿ ಒಂದು ವಾರ ತಲೆ ಜೋಲು ಹಾಕುತ್ತದೆ. ಇದು ಒಂದು ಎಲೆಯನ್ನೂ ಬಾಡಿಸಲಿಲ್ಲ. ದಿನದಿನಕ್ಕೂ ಹಸಿರು ಕಪ್ಪಾಗುತ್ತಾ ದಟ್ಟವಾಗುತ್ತಾ ಹೋಯಿತು. ಹೆಸ್ಟರ್ ಬೀನ್ಸಿಗೆ ಕೋಲು ನೆಡುತ್ತಾ, ಈರುಳ್ಳಿ ಊರುತ್ತಾ, ಆ ಕಡೆ ನೋಡಬಾರದೆಂದುಕೊಂಡು ಅದನ್ನೇ ನೋಡುತ್ತಿದ್ದಳು. ಸಾವು ಯಾರ ಮನೆಗೆ? ಗಿಡ ತನ್ನದು, ಮಣ್ಣು ತನ್ನದು; ಹಾಗಾದರೆ ತನ್ನ ಮನೆಗೆ, ಹೇಗೂ ದಾರಿ ಕಾಯುತ್ತಾ ಒಬ್ಬ ಕೂತಿದ್ದಾನೆ. ಆದರೆ ನೆಟ್ಟ ಕೈ ಆಕ್ರಾಯ್ಡ್‌ನದು. ತನ್ನ ತಾಯಿಯ ಕೈ ನೆಟ್ಟಿತ್ತು, ತಾಯಿಯ ಮನೆಯಿಂದ ಹೋಯಿತು. ಕೈಯದ್ದೇ ಲೆಕ್ಕವಾದರೆ ವಿಲ್ಫ್ ಉಳಿದ.

ವಕೀಲನ ಹಾಗೆ ವಾದ ಕಟ್ಟಿ ಕಟ್ಟಿ, ಒಂದು ಮಧ್ಯಾಹ್ನ ಮಂಡಿಯೂರಿ ಕಳೆ ಕೀಳುತ್ತಿದ್ದಾಗ ಅವಳು ಬಾಯಿಬಿಟ್ಟೇ ಹೇಳಿದಳು: "ಅವ್ರ ಮನೆಗೇ ಹೋಗು." ಹೇಳಿದ ಮೇಲೆ ಸುತ್ತ ನೋಡಿದಳು. ಯಾರೂ ಇರಲಿಲ್ಲ, ರಾಬಿನ್ ಮಾತ್ರ ಸಲಿಕೆಯ ಹಿಡಿಯ ಮೇಲೆ ಕೂತು, ಕತ್ತು ಓರೆ ಮಾಡಿ ಅವಳನ್ನು ನೋಡುತ್ತಿತ್ತು.

ಅದಾದ ಮೇಲೆ ಆಕ್ರಾಯ್ಡ್ ತೋಟಕ್ಕೆ ಬರಲಿಲ್ಲ. ಅವನ ಮನೆಯಲ್ಲೇ ಇದ್ದ ಮಗಳ ಕೂಸು ಗ್ಲೆನಿಸ್‌ಗೆ, ಇನ್ನೂ ನೆಟ್ಟಗೆ ಕೂರಲು ಬಾರದ್ದಕ್ಕೆ, ನಾಯಿಕೆಮ್ಮು. ಓಣಿಯಾಚೆಯಿಂದ ಆ ಕೆಮ್ಮು ಹೆಸ್ಟರಳ ಅಡುಗೆಮನೆಗೆ ಕೇಳಿಸುತ್ತಿತ್ತು: ಬಿಡುವಿಲ್ಲದೆ ಕೆಮ್ಮಿ, ಕೊನೆಗೆ ಉಸಿರು ಎಳೆದುಕೊಳ್ಳಲಾಗದ ಆ ಕೀರಲು. ಆಮೇಲೆ ಜ್ವರ ಎದೆಗೆ ಇಳಿಯಿತು. ಗುಡ್‌ಫ್ರೈಡೆಯ ಬೆಳಿಗ್ಗೆ ಆಕ್ರಾಯ್ಡ್ ಕಲ್ಲಿದ್ದಲು ತೆಗೆದುಕೊಳ್ಳಲು ಓಣಿಗೆ ಬಂದಿದ್ದ. ಗಡ್ಡ ಬೋಳಿಸಿರಲಿಲ್ಲ.

"ಹೆಂಗಿದೆ ಮಗು?" ಎಂದಳು ಹೆಸ್ಟರ್.

"ನೀಲಿಯಾಗ್ತಾಳೆ ಹೆಸ್ಟರ್. ಕೆಮ್ಮಿ ಕೆಮ್ಮಿ ನೀಲಿಯಾಗ್ತಾಳೆ." ಅವನು ಬಕೆಟ್ಟನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ. "ನಿನ್ನ ಪಾರ್ಸ್ಲಿ ಹೆಂಗಿದೆ, ಹಿಡ್ಕೊಂತಾ?"

ಹೆಸ್ಟರಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಕಾಣದ ದೇವರಲ್ಲಿ ಇಷ್ಟು ದಿನ ಏನನ್ನೂ ಬೇಡದವಳು, ಒಂದು ಸೊಪ್ಪಿನ ಮುಂದೆ ಮಂಡಿಯೂರಿ ಹಸುಗೂಸಿನ ಜೀವ ಬೇಡಿದ್ದಳು. ಅದು ಕೊಡಲು ಹೊರಟಿತ್ತು.

ಮಧ್ಯಾಹ್ನ, ಗುಡ್‌ಫ್ರೈಡೆಯ ರೂಢಿಯಂತೆ, ತೋಟದಲ್ಲಿ ಊರಿಗೆ ಊರೇ ಆಲೂಗಡ್ಡೆ ಊರುತ್ತಿತ್ತು. ಹೆಸ್ಟರ್ ಯಾರ ಜೊತೆಗೂ ಮಾತಾಡದೆ ಪಾರ್ಸ್ಲಿ ಸಾಲನ್ನು ಒಂದೊಂದಾಗಿ ಹೆಂಟೆಸಮೇತ ಎತ್ತಿ ತಳ್ಳುಗಾಡಿಗೆ ಹಾಕಿದಳು. ಪಕ್ಕದವರು ಕೆಲಸ ನಿಲ್ಲಿಸಿ ನೋಡಿದರು. ಒಬ್ಬ ಮುದುಕಿ ತುಟಿಯಲ್ಲೇ "ಬೇಡ್ವೇ" ಎಂದಳು. ಹೆಸ್ಟರ್ ಗಾಡಿ ತಳ್ಳಿಕೊಂಡು ಏರು ಹತ್ತಿದಳು. ಹಸಿಮಣ್ಣಿನ ಹುಳುಗಳ ಆಸೆಗೆ ರಾಬಿನ್ ಬೇಲಿಯಿಂದ ಬೇಲಿಗೆ ಹಾರುತ್ತಾ ಹಿಂದೆಯೇ ಬಂತು.

ಮನೆಯ ಹಿತ್ತಿಲಲ್ಲಿ, ಅಡುಗೆಮನೆಯ ಕಿಟಕಿಯ ಕೆಳಗೆ, ಅವಳು ಗುಳಿ ತೋಡಿ ನೆಡತೊಡಗಿದಳು. ಈಗ ಕೈ ತನ್ನದು, ಮಣ್ಣು ತನ್ನದು, ಮನೆ ತನ್ನದು. ಮನೆಯಲ್ಲಿ ಇರುವವರು ಇಬ್ಬರೇ. "ನನ್ನನ್ನ ತಗೋ" ಎನ್ನುತ್ತಾ ಒಂದು ಗಿಡ ಊರಿದಳು. "ನನ್ನನ್ನ ತಗೋ, ಅವನನ್ನ ಬಿಡು." ಆದರೆ ಹಾಗೆ ಆರಿಸಿ ಕೊಡುವ ಹಕ್ಕು ಯಾರಿಗೂ ಇಲ್ಲವೆಂದು ಅರ್ನಿಯ ಅಕ್ಕನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ನೆಡುತ್ತಿದ್ದಳು.

ಹಿಂದೆ ಬಾಗಿಲ ಸದ್ದಾಯಿತು. ವಿಲ್ಫ್ ಮನೆಯೊಳಗಿನ ಚಪ್ಪಲಿಯಲ್ಲೇ ಏದುಸಿರು ಬಿಡುತ್ತಾ ಬಂದು ನಿಂತಿದ್ದ. ಕಿಟಕಿಯಿಂದ ಎಲ್ಲವನ್ನೂ ನೋಡಿದ್ದ.

"ಆ ಮಗುಗೋಸ್ಕರಾನಾ?"

ಹೆಸ್ಟರ್ ತಲೆಯೆತ್ತಲಿಲ್ಲ. "ಒಳಗೆ ಹೋಗು ವಿಲ್ಫ್. ಗಾಳಿ ತಣ್ಣಗಿದೆ."

"ಕೊನೇದು ಎಲ್ಲಿ?"

"ಮುಟ್ಬೇಡ! ನಿನ್ನ ಕಾಲಿಗೆ ಬೀಳ್ತೀನಿ, ಮುಟ್ಬೇಡ."

ವಿಲ್ಫ್ ಗೋಡೆ ಹಿಡಿದುಕೊಂಡು ಮೆಲ್ಲಗೆ ಮಂಡಿಯೂರಿದ. ಅವಳ ಕೈಯಿಂದ ಸಣ್ಣ ಸಲಿಕೆಯನ್ನು ಬಿಡಿಸಿಕೊಂಡ. ಗಾಡಿಯಲ್ಲಿ ಉಳಿದಿದ್ದ ಒಂದೇ ಗಿಡವನ್ನು ಎತ್ತಿ, ಗುಳಿಗಿಳಿಸಿ, ಸುತ್ತ ಮಣ್ಣು ಒತ್ತಿದ. ಅಷ್ಟಕ್ಕೇ ಅವನ ಹಣೆ ಬೆವರಿತ್ತು.

"ಡಾಕ್ಟರ ತುಟಿ ನಾನೂ ಓದ್ದೆ ಕಣೇ" ಎಂದ. "ನಾನೂ ಅದೇ ಗಿರಣೀಲಿ ದುಡಿದೋನು. ನೀನು ಬಸ್ಸಲ್ಲಿ ಮಳೆ ಬಗ್ಗೆ ಮಾತಾಡಿದ್ಯಲ್ಲ, ಆವಾಗ ನಗು ತಡ್ಕೊಳೋದೇ ಕಷ್ಟ ಆಯ್ತು."

"ವಿಲ್ಫ್..."

"ಹೇಗೂ ಹೊರಟೋನು. ನಾಳೆ ನೀನು ನಿನ್ನಮ್ಮನ ಥರ ಕೂತ್ಕೊಂಡು 'ನಾನೇ ಮಾಡ್ದೆ' ಅನ್ಬಾರ್ದು. ಕೊನೇ ಬೇರು ನೆಟ್ಟಿದ್ದು ನಾನು. ನೆನಪಿಟ್ಕೋ."

ಹೆಸ್ಟರ್ ಅವನನ್ನು ಬೈಯಲು ಬಾಯಿ ತೆರೆದಳು, ಬೈಗುಳ ಬರಲಿಲ್ಲ, ಅಳು ಬಂತು. ತನಗೆ ತಿಳಿಯದಂತೆಯೇ ಅವಳು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ವಿಲ್ಫ್ ಅವನ್ನು ಹಿಡಿದು ಮಡಚಿ ಅವಳ ಮಡಿಲಿಗೇ ಇಟ್ಟ.

ಓಣಿಯಾಚೆ ಮಹಡಿಯ ಕಿಟಕಿಯ ಪರದೆ ಸರಿಯಿತು. ಆಕ್ರಾಯ್ಡ್ ನಿಂತಿದ್ದ. ಹೆಗಲ ಮೇಲೆ ಕೂಸು ಮಲಗಿತ್ತು. ಅದು ಏಳಬಾರದೆಂದು, ಗಿರಣಿಯಲ್ಲಿ ಮಾಡುತ್ತಿದ್ದಂತೆ, ಸದ್ದಿಲ್ಲದೆ ತುಟಿಯನ್ನು ಅಗಲಿಸಿ ಅಗಲಿಸಿ ಹೇಳಿದ: "ಜ್ವರ ಬಿಡ್ತು. ಈಗ್ಲೇ. ಹಾಲು ಕುಡಿದ್ಲು."

ಇಬ್ಬರೂ ಓದಿದರು. ವಿಲ್ಫ್ ಮಣ್ಣಾದ ಸಲಿಕೆಯನ್ನು ಎತ್ತಿ ಆಡಿಸಿದ. ಹೆಸ್ಟರ್ ಕೂಡ ಕೈಯೆತ್ತಿದಳು. ಮಗು ಉಳಿದದ್ದಕ್ಕೆ ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಆ ಸಂತೋಷದ ಬೆನ್ನಿಗೇ ಅವಳು ವಿಲ್ಫ್ ಈಗಷ್ಟೇ ಒತ್ತಿದ ಮಣ್ಣಿನ ಕಡೆ ನೋಡಿದಳು.

"ಟೀ ಇಡ್ತೀಯೇನೇ?" ಎಂದ ವಿಲ್ಫ್, ಅವಳ ಹೆಗಲು ಹಿಡಿದು ಏಳುತ್ತಾ.

ಅವಸರದಲ್ಲಿ ಬಂದ ವಿಲ್ಫ್ ಹಿತ್ತಿಲ ಬಾಗಿಲು ಹಾಕಿರಲಿಲ್ಲ. ಹೆಸ್ಟರ್ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಡುಗೆಮನೆಯಲ್ಲಿ, ಒಲೆಯ ಪಕ್ಕದ ವಿಲ್ಫ್‌ನ ಕುರ್ಚಿಯ ಬೆನ್ನಿನ ಮೇಲೆ, ಕೊಕ್ಕಿಗೆ ಹಸಿಮಣ್ಣು ಮೆತ್ತಿದ ರಾಬಿನ್ ಕೂತಿತ್ತು. ಅವಳು ಏಪ್ರನ್ ಬೀಸಲು ಕೈಯೆತ್ತಿದಳು.

"ಓಡಿಸ್ಬೇಡ್ವೇ, ಪಾಪ" ಎಂದ ವಿಲ್ಫ್, ಅವಳ ಹೆಗಲಾಚೆಯಿಂದ ಇಣುಕಿ. "ನನ್ನನ್ನ ಹುಡುಕ್ಕೊಂಡು ಬಂದಿದೆ."

ಹೆಸ್ಟರ್ ಕೈ ಇಳಿಸಿದಳು. ಮಣ್ಣನ್ನೂ ತೊಳೆದುಕೊಳ್ಳದೆ ಕೆಟಲ್ ತುಂಬಿ ಒಲೆಯ ಮೇಲಿಟ್ಟು, ಎರಡು ಕಪ್ಪು ತೆಗೆದಳು.